ಬಟನ್ ಎಂಬ ಸಾಧು ಹೋರಿ

ಆ ಕಣಿವೆಯ ಜನ ಬಾಯಿ ಬಿಡುವುದೇ ಅಪರೂಪ. ಬಿಟ್ಟರೂ ಇದ್ದ ನಾಲ್ಕು ಪದಗಳನ್ನೇ ಹತ್ತು ಕಡೆ ದುಡಿಸಿಕೊಳ್ಳುತ್ತಾರೆ. ಅವರ ‘ಟೇಮ್’ ಅಂಥದ್ದೊಂದು ಪದ. ನಾವು ಸಾಧು ಅನ್ನುತ್ತೇವಲ್ಲ, ಅದೇ. ಒದೆಯದ ಹಸು ಸಾಧು. ಖಾರವಿಲ್ಲದ ಉಪದೇಶ ಮಾಡುವ ಪಾದ್ರಿ ಸಾಧು. ಹೆಂಡತಿ ಕರೆದ ಕೂಡಲೇ ಎದ್ದು ಮನೆಗೆ ಹೋಗುವ ಗಂಡನೂ ಸಾಧು, ಅವನು ಅರ್ಧಕ್ಕೆ ಬಿಟ್ಟುಹೋದ ನೀರು ಬಿಯರೂ ಸಾಧು. ಇಷ್ಟೆಲ್ಲ ಕಡೆ ಅದು ಗೇಲಿಯ ಮಾತು. ಒಂದೇ ಒಂದು ಕಡೆ ಗೇಲಿಯಲ್ಲ. ದನದ ಸಂತೆಯ ಕಟಕಟೆಯೊಳಗೆ ಹೋರಿಯ ಮೂಗುಬಳೆ ಹಿಡಿದು ನಿಂತವನು ಟೋಪಿ ತೆಗೆದು ‘ಸಾಧು’ ಅಂದನೆಂದರೆ ಕೊಳ್ಳುವವನು ಮುಂದೆ ಏನೂ ಕೇಳುವುದಿಲ್ಲ. ಆ ಮಾತು ಸುಳ್ಳಾಯಿತೋ, ಹೇಳಿದವನ ಮಗ, ಮೊಮ್ಮಗ ಕೂಡ ಆ ಕಟಕಟೆಯಲ್ಲಿ ತಲೆ ಎತ್ತುವ ಹಾಗಿಲ್ಲ.

ಮೇ ತಿಂಗಳ ಮಂಗಳವಾರದ ಸಂತೆಯಲ್ಲಿ ನಾಥನ್ ಆಲ್ಡರ್ಸನ್ ಟೋಪಿ ತೆಗೆದು ಆ ಮಾತು ಹೇಳಿದ. ಹೋರಿಯನ್ನು ಕೊಂಡವನು ಗುಡ್ಡದಾಚೆಯ ಆಮಸ್ ಹಾರ್ಕರ್. ಒಂಟಿ ಮುದುಕ, ಸೊಂಟ ಬಿದ್ದುಹೋಗಿ ಎಡಗಾಲು ಎಳೆದುಕೊಂಡು ನಡೆಯುವವನು. ಕಟಕಟೆಯ ಹೊರಗೆ, ಬೇಲಿಯ ಸರಳು ಹಿಡಿದು ನಿಂತಿದ್ದ ನಾಥನ್‌ನ ಹೆಂಡತಿ ಥರ್ಜಾಗೆ ಆ ಮಾತು ಸುಳ್ಳೆಂದು ಗೊತ್ತಿತ್ತು. ನಾಥನ್‌ಗೆ ಗೊತ್ತಿರಲಿಲ್ಲ. ಆ ಇಡೀ ಸಂತೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಅವಳು ಬಾಯಿ ತೆರೆಯಲಿಲ್ಲ.

ಆ ಹೋರಿ ಹುಟ್ಟಿದ್ದು ಎರಡು ವರ್ಷದ ಹಿಂದಿನ ದೊಡ್ಡ ಹಿಮದ ಚಳಿಗಾಲದಲ್ಲಿ, ಕಿಟಕಿಯ ಮಟ್ಟಕ್ಕೆ ಹಿಮ ಬಿದ್ದು ಏಳು ವಾರ ದಾರಿ ಮುಚ್ಚಿಹೋಗಿದ್ದಾಗ. ತಾಯಿ ಹಸು ಈದ ಮಾರನೆಯ ದಿನ ಸತ್ತಿತು. ಕೊಟ್ಟಿಗೆಯಲ್ಲಿ ಬಿಟ್ಟರೆ ಕರು ಸೆಟೆದು ಸಾಯುತ್ತದೆಂದು ಥರ್ಜಾ ಅದನ್ನು ಅಡುಗೆಮನೆಗೆ ತಂದು ಒಲೆಯ ಪಕ್ಕ ಗೋಣಿ ಹಾಸಿ ಮಲಗಿಸಿದಳು. ಬಕೆಟ್ಟಿನ ಹಾಲಿನಲ್ಲಿ ಎರಡು ಬೆರಳು ಅದ್ದಿ ಬಾಯಿಗಿಟ್ಟು ಚೀಪಲು ಕಲಿಸಿದಳು. ಮೂಗು ಗುಂಡಿಯ ಹಾಗಿತ್ತೆಂದು ಬಟನ್ ಎಂದು ಕರೆದಳು. ಹೊರಗೆ ಹೋಗುವ ಹಾಗಿಲ್ಲ, ಮಾತಾಡಲು ನೆರೆಯಿಲ್ಲ, ಗಂಡನೋ ದಿನಕ್ಕೆ ಆರು ಮಾತಿನವನು. ಬೇಜಾರು ಕಳೆಯಲು ಅವಳು ಕರುವಿನ ಎದುರು ಮಂಡಿಯೂರಿ, ತಲೆ ಬಗ್ಗಿಸಿ, ಅದರ ಹಣೆಗೆ ಅಂಗೈ ಕೊಟ್ಟು ತಳ್ಳುತ್ತಿದ್ದಳು. ಕರು ತಿರುಗಿ ತಳ್ಳುತ್ತಿತ್ತು. ಅವಳು ಹಿಂದಕ್ಕೆ ಉರುಳಿ ಬಿದ್ದು ನಗುತ್ತಿದ್ದಳು. ಆ ಚಳಿಗಾಲದಲ್ಲಿ ಆ ಮನೆಯಲ್ಲಿ ಕೇಳಿದ ನಗು ಅದೊಂದೇ.

ಗಂಡುಕರುವಿನ ಹಣೆ ತಳ್ಳಬಾರದು ಎಂಬುದು ಆ ಕಣಿವೆಯ ಐದು ವರ್ಷದ ಕೂಸಿಗೂ ಗೊತ್ತು. ನಾಥನ್ ಮೂರು ಸಲ ಹೇಳಿದ. ಮೂರನೆಯ ಸಲ ಸ್ವಲ್ಪ ಗಟ್ಟಿಯಾಗಿಯೇ ಹೇಳಿದ. ಅವಳು ಆಯಿತೆಂದಳು, ಅವನು ಹಿಮದಡಿ ಸಿಕ್ಕ ಕುರಿ ಹುಡುಕಲು ಹೋದಾಗ ಮತ್ತೆ ಆಡಿದಳು. ಅಷ್ಟು ಸಣ್ಣ ಗುಟ್ಟಿನಿಂದ ಏನಾದೀತು ಎಂದುಕೊಂಡಿದ್ದಳು.

ಸಂತೆಗೆ ಮೂರು ವಾರ ಮುಂಚೆ ಅದು ಏನಾಗುತ್ತದೆಂದು ಗೊತ್ತಾಯಿತು. ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದಾಗ ಬಟನ್ ಅವಳನ್ನು ಗೋಡೆಗೆ ಒತ್ತಿ ಹಿಡಿಯಿತು. ಸಿಟ್ಟಿನಿಂದಲ್ಲ, ಆಟಕ್ಕೆ. ಆದರೆ ಈಗ ಅದು ಹತ್ತು ಗಂಡಸರ ತೂಕದ ಹೋರಿ. ಅವಳ ಉಸಿರು ಹೊರಗೆ ಹೋದದ್ದು ಒಳಗೆ ಬರಲಿಲ್ಲ. ಕಣ್ಣಿಗೆ ಕತ್ತಲೆ ಕವಿಯುವ ಹೊತ್ತಿಗೆ ಹಾಲಿನ ಬಕೆಟ್ಟು ಉರುಳಿ ಸದ್ದಾಗಿ, ಹೋರಿ ಅತ್ತ ತಿರುಗಿತು. ಅವಳು ತೆವಳಿಕೊಂಡು ಆಚೆ ಬಂದಳು. ಒದ್ದೆ ಚಪ್ಪಡಿಯ ಮೇಲೆ ಜಾರಿಬಿದ್ದೆ ಎಂದು ನಾಥನ್‌ಗೆ ಹೇಳಿದಳು. ಪಕ್ಕೆ ನೀಲಿಯಾಗಿ, ಹಸಿರಾಗಿ, ಹಳದಿಯಾಗುವವರೆಗೂ ಕತ್ತಲಲ್ಲೇ ಬಟ್ಟೆ ಬದಲಿಸಿದಳು.

ಹೇಳಿದ್ದರೆ ಬಟನ್ ನೇರ ಕಸಾಯಿಖಾನೆಗೆ ಹೋಗುತ್ತಿತ್ತು. ಅದಕ್ಕೇ ಹೇಳಲಿಲ್ಲ. ಈ ಆಟ ನನ್ನ ಅದರ ನಡುವಿನದು, ಬೇರೆ ಮನೆಗೆ ಹೋದರೆ ಅದಕ್ಕೆ ಮರೆತುಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೀಗೆ ಹೇಳಿಕೊಳ್ಳುವುದು ಸುಲಭ, ನಂಬುವುದು ಕಷ್ಟ. ಮಂಗಳವಾರ ರಾತ್ರಿ ಪೂರ್ತಿ ಅವಳ ಕಣ್ಣ ಮುಂದೆ ಆಮಸ್‌ನ ಎಳೆಯುವ ಎಡಗಾಲು ಬರುತ್ತಲೇ ಇತ್ತು.

ಬುಧವಾರ ರೊಟ್ಟಿ ಬೇಯಿಸುವ ದಿನ. ಥರ್ಜಾ ಬೆಳಗ್ಗೆ ಹಿಟ್ಟು ನಾದಿ ಒಲೆಯ ಪಕ್ಕ ಉಬ್ಬಲಿಟ್ಟಳು. ನಾಥನ್ ಮೇಲಿನ ಗುಡ್ಡಕ್ಕೆ ಹೋದ. ಅವಳು ಉಬ್ಬುತ್ತಿದ್ದ ಹಿಟ್ಟನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಳು, ಆಮೇಲೆ ಶಾಲು ಹೊದ್ದು ಹೊರಟೇಬಿಟ್ಟಳು. ಹಿಟ್ಟು ಬಿಟ್ಟು ಮನೆಯಿಂದ ಹೊರಟದ್ದು ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು.

ಗುಡ್ಡ ಹತ್ತಿ ಇಳಿಯಲು ಮೂರು ಮೈಲಿ. ಹೋಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿದಳು, ಕೆಡವಿದಳು. ಆಮಸ್‌ಗೆ ನಿಜ ಹೇಳಿದರೆ ನಾಥನ್ ಸುಳ್ಳನಾಗುತ್ತಾನೆ. ಪ್ರಾರ್ಥನಾಮಂದಿರದಲ್ಲಿ ಇಪ್ಪತ್ತು ವರ್ಷದಿಂದ ಮುಂದಿನ ಬೆಂಚಿನಲ್ಲಿ ಕೂರುವ ಮನುಷ್ಯ. ಅವನ ಹತ್ತಿರ ಬೇರೆ ಆಸ್ತಿಯೇನಿತ್ತು? ಮನೆ ಗೇಣಿಯದು, ಗುಡ್ಡ ಇನ್ನೊಬ್ಬರದು. ಅವನದೆಂಬುದು ಆ ಮಾತೊಂದೇ. ಹೇಳದಿದ್ದರೆ? ಆ ಪ್ರಶ್ನೆ ಬಂದಾಗಲೆಲ್ಲ ಅವಳು ಕಾಲು ಬೇಗ ಹಾಕಿದಳು. ಪಕ್ಕೆಯ ಹಳೆಯ ನೋವು ಉಸಿರಿಗೊಮ್ಮೆ ಚುಚ್ಚುತ್ತಿತ್ತು.

ಆಮಸ್‌ನ ಮನೆಯ ಹಿಂದಿನ ಹುಲ್ಲುಗಾವಲಿಗೆ ಎದೆಯೆತ್ತರದ ಕಲ್ಲುಗೋಡೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದು. ಒಂದು ಕಡೆ ಹತ್ತಿ ಇಳಿಯಲು ಚಾಚಿದ ಮೆಟ್ಟಿಲುಗಲ್ಲುಗಳು, ಇನ್ನೊಂದು ಕಡೆ ಬುಡದಲ್ಲಿ ಕುರಿಕಿಂಡಿ, ಕುರಿ ನುಸುಳಬಹುದು, ದನ ನುಸುಳಲಾರದು. ಥರ್ಜಾ ಗೋಡೆಯ ಮೇಲಿಂದ ಇಣುಕಿದಾಗ ಆಮಸ್ ಒಳಗೇ ಇದ್ದ. ಬೆನ್ನು ಪಕ್ಕದ ಗೋಡೆಗೆ, ಊರುಗೋಲು ಕಂಕುಳಲ್ಲಿ. ಅವನ ಮುಂದೆ ಎರಡು ಮಾರು ದೂರದಲ್ಲಿ ಬಟನ್ ಅಡ್ಡಲಾಗಿ ನಿಂತಿತ್ತು. ಬೆನ್ನು ಕಮಾನಾಗಿತ್ತು, ತಲೆ ತಗ್ಗಿತ್ತು, ಕಣ್ಣಿನ ಬಿಳಿ ಕಾಣುತ್ತಿತ್ತು.

ಆಮಸ್ ಅವಳನ್ನು ಕಂಡು ಹಿಗ್ಗಿದ. “ಏನವ್ವಾ ಥರ್ಜಾ, ರೊಟ್ಟಿ ಸುಡೋ ದಿನ ಊರು ಸುತ್ತೋಕೆ ಹೊರಟಿದೀಯಾ? ನಾಥನ್ ಕೈಗೆ ಹಿಟ್ಟಿನ ಬೋಗುಣಿ ಕೊಟ್ಟು ಬಂದೆಯೇನೋ,” ಅಂದ. ಆಮೇಲೆ ಹೋರಿಯ ಕಡೆ ಗದ್ದ ಆಡಿಸಿ, “ನೋಡಿಲ್ಲಿ ನಿನ್ನ ಮಗನ್ನ. ಬೆನ್ನು ತುರಿಸು ಅಂತ ಅಡ್ಡ ನಿಂತ್ಕೊಂಡಿದೆ. ಬೆಳಗಿಂದ ನನ್ ಜೊತೆ ತಳ್ಳಾಟ. ನಾನು ಹಣೆಗೆ ಕೈ ಕೊಟ್ರೆ ಸಾಕು, ಹೆಂಗೆ ಒರಗತ್ತೆ ಗೊತ್ತಾ? ಇಷ್ಟು ಸಾಧು ಹೋರೀನ ನಾನು ಹುಟ್ಟಿದಾಗಿಂದ ನೋಡಿಲ್ಲ,” ಅಂದ.

ಥರ್ಜಾಗೆ ಗೊತ್ತಿತ್ತು, ಅಡ್ಡ ನಿಲ್ಲುವುದು ಬೆನ್ನು ತುರಿಸಿಕೊಳ್ಳಲಿಕ್ಕಲ್ಲ. ಎದುರಾಳಿ ಹೋರಿಗೆ ತನ್ನ ಮೈಯಳತೆ ತೋರಿಸುವುದು ಹಾಗೆ. ಆಮಸ್ ಎಂಬತ್ತು ಹಸು ಸಾಕಿದವನು, ಅವನಿಗೂ ಇದು ಗೊತ್ತಿರಲೇಬೇಕು. ಆದರೆ ನಾಥನ್ ಸಾಧು ಎಂದಿದ್ದ. ನಾಥನ್ ಸಾಧು ಎಂದ ಮೇಲೆ ಆಮಸ್ ತನ್ನ ಕಣ್ಣನ್ನೇ ನಂಬುವುದು ಬಿಟ್ಟಿದ್ದ.

ಕೂಗಿದರೆ ಹೋರಿ ನುಗ್ಗುತ್ತದೆ. ಓಡು ಅಂದರೆ ಆಮಸ್ ಓಡಲಾರ. ಗೇಟು ಅವನಿಂದ ನಲವತ್ತು ಹೆಜ್ಜೆ. ಬಟನ್ ಮುಂಗಾಲಿನಿಂದ ಒಂದು ಸಲ ಮಣ್ಣು ಕೆರೆದು ತನ್ನ ಬೆನ್ನ ಮೇಲೆ ಎರಚಿಕೊಂಡಿತು. ಆಮಸ್ ಅದಕ್ಕೂ ನಕ್ಕ.

ಅವಳು ಗೋಡೆ ಹತ್ತಿದಳು. ತಾನು ಹತ್ತುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಾದದ್ದು ಆಚೆಗೆ ಇಳಿದ ಮೇಲೆ. ಶಾಲು ತೆಗೆದು ಗೋಡೆಯ ಮೇಲೆ ಬಿಟ್ಟಳು. ಹೋರಿಗೆ ಕಾಣುವ ಹಾಗೆ ಸುತ್ತು ಹಾಕಿ ಬಂದು, ಅಡುಗೆಮನೆಯಲ್ಲಿ ಆ ಚಳಿಗಾಲ ಕರೆಯುತ್ತಿದ್ದ ದನಿಯಲ್ಲೇ ಕರೆದಳು. “ಕುಶ್, ಕುಶ್, ಬಟನ್. ಕುಶ್.”

ಹೋರಿಯ ಕಿವಿ ತಿರುಗಿತು. ಆಮೇಲೆ ತಲೆ. ಆಮೇಲೆ ಆ ಇಡೀ ಮೈ ನಿಧಾನವಾಗಿ ಅವಳತ್ತ ಹೊರಳಿತು. ಅವಳು ಎಡಗೈ ಚಾಚಿ ಎರಡು ಬೆರಳು ಮುಂದೆ ಮಾಡಿದಳು. ಬಟನ್ ಬಂತು. ಬಿಸಿ ಉಸಿರು ಮೊದಲು ಮಣಿಕಟ್ಟಿಗೆ ತಾಗಿತು. ಒರಟು ನಾಲಿಗೆ ಬೆರಳುಗಳನ್ನು ಸುತ್ತಿ ಒಳಗೆಳೆದುಕೊಂಡಿತು. ಅದು ಚೀಪತೊಡಗಿತು, ಕಣ್ಣು ಅರ್ಧ ಮುಚ್ಚಿ, ಥೇಟ್ ಒಲೆಯ ಪಕ್ಕದ ಗೋಣಿಯ ಮೇಲಿನ ಕರು ಚೀಪುತ್ತಿದ್ದಂತೆ.

ಅವಳು ದನಿ ಬದಲಿಸದೆ, ಹೋರಿಯನ್ನೇ ನೋಡುತ್ತ ಜೋಗುಳದ ರಾಗದಲ್ಲೇ ಹೇಳಿದಳು. “ಆಮಸ್, ಮಾತಾಡ್ಬೇಡ. ಗೋಡೆ ಹಿಡ್ಕೊಂಡು ಗೇಟಿಗೆ ಹೋಗು. ನಿಧಾನ. ಕುಶ್, ಬಟನ್. ತಿರುಗಿ ನೋಡ್ಬೇಡ.”

“ಅದ್ಯಾಕೆ?” ಅಂದ ಆಮಸ್. ಅಷ್ಟರಲ್ಲಿ ಅವಳ ಮುಖ ನೋಡಿದ. ಕೋಲು ಊರಿ ಹೊರಟ.

ಅವನ ಕೋಲು ಟಕ್ ಅಂದು, ಕಾಲು ಸರ್ ಅಂದು, ಮತ್ತೆ ಕೋಲು ಟಕ್ ಅಂದಿತು. ಪ್ರತಿ ಸದ್ದಿಗೂ ಬಟನ್‌ನ ಕಿವಿ ಹಿಂದಕ್ಕೆ ತಿರುಗುತ್ತಿತ್ತು, ಚೀಪುವುದು ನಿಲ್ಲುತ್ತಿತ್ತು. ಆಗೆಲ್ಲ ಅವಳು ಬೆರಳನ್ನು ಇನ್ನೂ ಒಳಗೆ ತೂರಿದಳು. ನಲವತ್ತು ಹೆಜ್ಜೆಯನ್ನು ಒಬ್ಬ ಮನುಷ್ಯ ಇಷ್ಟು ಹೊತ್ತು ನಡೆಯಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ದೇವರೇ, ಅವನು ಎಡವದಿರಲಿ ಎಂದಳು. ಆಮೇಲೆ, ಅವನು ಬೇಗ ಹೋಗಲಿ ಎಂದಳು, ಏಕೆಂದರೆ ಭಯದಲ್ಲಿ ತಾನು ಈಗಲೋ ಆಗಲೋ ಕೈ ಕಿತ್ತುಕೊಂಡು ಓಡಿಬಿಡುತ್ತೇನೆಂದು ಅವಳಿಗೆ ಅನ್ನಿಸುತ್ತಿತ್ತು. ಗೇಟಿನ ಚಿಲಕ ಬಿದ್ದ ಸದ್ದು ಕೇಳಿಸಿತು.

ಈಗ ಒಳಗೆ ಉಳಿದದ್ದು ಅವಳು ಮತ್ತು ಅದು.

ಮೆಟ್ಟಿಲುಗಲ್ಲು ದೂರವಿತ್ತು. ಹತ್ತಿರವಿದ್ದದ್ದು ಕುರಿಕಿಂಡಿ. ಬೆರಳು ಚೀಪಿಸುತ್ತಲೇ ಅವಳು ಹಿಂದಕ್ಕೆ ಹೆಜ್ಜೆ ಇಡತೊಡಗಿದಳು. ಬಟನ್ ಜೊತೆಗೇ ಬಂತು, ಒಂದೊಂದು ಹೆಜ್ಜೆಗೂ ಅಂಗೈಯನ್ನು ಸ್ವಲ್ಪ ಸ್ವಲ್ಪ ತಳ್ಳುತ್ತ. ಹಿಮ್ಮಡಿಗೆ ಗೋಡೆ ತಾಗಿತು. ಆಗ ಅವಳಿಗೆ ಹೊಳೆಯಿತು. ಕಿಂಡಿಯಲ್ಲಿ ನುಸುಳಬೇಕಾದರೆ ಮಂಡಿಯೂರಬೇಕು, ತಲೆ ಬಗ್ಗಿಸಬೇಕು. ಅವಳು ಮಂಡಿಯೂರಿ ತಲೆ ಬಗ್ಗಿಸಿದರೆ ಆಟ ಶುರು ಎಂದು ಈ ಪ್ರಾಣಿಗೆ ಕಲಿಸಿದವಳು ಅವಳೇ.

ನಿಂತುಕೊಂಡೇ ಇರೋಣವೆನ್ನಿಸಿತು. ಸಂಜೆಯವರೆಗೂ ಹೀಗೇ ಬೆರಳು ಕೊಟ್ಟು ನಿಂತಿರಬಹುದಲ್ಲ. ಆದರೆ ಚೀಪಿ ಚೀಪಿ ಹಾಲು ಬಾರದೆ ಬಟನ್‌ಗೆ ಬೇಸರ ಬಂದಿತ್ತು. ಅದು ಬೆರಳು ಬಿಟ್ಟು, ತಲೆ ಒದರಿ, ಅವಳನ್ನು ನೋಡಿತು.

ಅವಳು ಬಿದ್ದಳು. ಬಗ್ಗಿದಳು ಎನ್ನುವುದಕ್ಕಿಂತ ಬಿದ್ದಳು ಎನ್ನುವುದೇ ಸರಿ. ತಲೆ, ಭುಜ, ಸೊಂಟ ಕಿಂಡಿಯೊಳಗೆ ಹೋದವು. ಹಿಂದಿನಿಂದ ಏಟು ಬಿತ್ತು. ತೊಡೆಯ ಮೇಲೋ ಗೋಡೆಯ ಮೇಲೋ ತಿಳಿಯಲಿಲ್ಲ, ಮೇಲಿನ ಕಲ್ಲುಗಳು ದಡದಡ ಉರುಳಿದವು. ಇನ್ನೊಂದು ಏಟು. ಗೇಟಿನಿಂದ ಸುತ್ತಿ ಬಂದಿದ್ದ ಆಮಸ್‌ನ ಕೈಗಳು ಅವಳ ಕಂಕುಳು ಹಿಡಿದು ಎಳೆದವು. ಅವಳ ಎಡಗಾಲಿನ ಬೂಟು ಒಳಗೇ ಉಳಿಯಿತು. ಗೋಡೆಯಾಚೆ ಬಟನ್ ಆ ಬೂಟನ್ನು ಹಣೆಯಿಂದ ತಳ್ಳುತ್ತ, ಉರುಳಿಸುತ್ತ, ಮತ್ತೆ ತಳ್ಳುತ್ತ ಆಡುತ್ತಿತ್ತು.

ಇಬ್ಬರೂ ದಾರಿಯ ಮಣ್ಣಿನಲ್ಲೇ ಕುಳಿತರು. ಆಮಸ್‌ನ ಟೋಪಿ ಎಲ್ಲೋ ಬಿದ್ದಿತ್ತು. ಅವನು, “ನಾಥನ್ ಸಾಧು ಅಂದನಲ್ಲ,” ಅಂದ. ದೂರಿನ ದನಿಯಲ್ಲ. ಲೆಕ್ಕ ತಾಳೆಯಾಗದ ಮಗು ಕೇಳುವ ದನಿ.

“ನಾಥನ್‌ಗೆ ಗೊತ್ತಿಲ್ಲ,” ಅಂದಳು ಥರ್ಜಾ. “ನನಗೆ ಗೊತ್ತಿತ್ತು.”

ಎಲ್ಲವನ್ನೂ ಹೇಳಿದಳು. ಅಡುಗೆಮನೆಯ ಆಟ, ಕೊಟ್ಟಿಗೆಯ ಗೋಡೆ, ಜಾರಿಬಿದ್ದ ಸುಳ್ಳು, ಸಂತೆಯಲ್ಲಿ ಸರಳು ಹಿಡಿದು ಸುಮ್ಮನೆ ನಿಂತದ್ದು. ಆಮಸ್ ಕೇಳಿಸಿಕೊಂಡ. ಬೈಯಬಹುದೆಂದು ಕಾದಳು, ಬೈಯಲಿಲ್ಲ. ಅವನು ಮುದುಕ, ನಾಥನ್‌ನ ಅಪ್ಪನ ಗೆಳೆಯನಾಗಿದ್ದವನು. ಕೋಲಿನ ತುದಿಯಿಂದ ಮಣ್ಣು ಗೀರುತ್ತ, ಇದು ಇಲ್ಲಿಗೇ ಇರಲಿ ಅಂದ. ಗೋಡೆ ಹಳೆಯದು, ತಾನೇ ಕುಸಿಯಿತು ಅನ್ನುತ್ತೇನೆ, ನಾಥನ್‌ನ ಮಾತು ಉಳಿಯಲಿ ಅಂದ.

ಥರ್ಜಾಗೆ ಆಗ ಎಷ್ಟು ಹಾಯೆನಿಸಿತೆಂದರೆ ಅಳು ಬಂತು. ಹೂಂ ಅಂದುಬಿಡಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಒಂದು ಮಾತು ಕೇಳಬೇಕೆನ್ನಿಸಿ ಕೇಳಿದಳು.

“ಹೋರೀನ ಏನ್ ಮಾಡ್ತೀಯ?”

“ಸರಪಳಿ ಹಾಕಿ ಇಡ್ತೀನಿ. ಶರತ್ಕಾಲದ ಸಂತೆಗೆ ಹೊಡ್ಕೊಂಡು ಹೋದ್ರೆ ಬಯಲುಸೀಮೆಯವ್ರು ಯಾರಾದ್ರೂ ತಗೋತಾರೆ.”

“ಕಟಕಟೇಲಿ ನಿಂತು ಏನಂತ ಹೇಳ್ತೀಯ?”

ಆಮಸ್‌ನ ಕೋಲು ನಿಂತಿತು. ಗೋಡೆಯಾಚೆ ಬೂಟು ಕಲ್ಲಿಗೆ ಬಡಿದ ಸದ್ದು ಕೇಳಿಸುತ್ತಿತ್ತು.

ಒಂದು ಕಾಲಿಗೆ ತನ್ನ ಬೂಟು, ಇನ್ನೊಂದಕ್ಕೆ ಆಮಸ್‌ನ ದೊಡ್ಡ ಬೂಟು ಹಾಕಿಕೊಂಡು ಅವಳು ಗುಡ್ಡ ಹತ್ತಿದಳು. ಹೋಗುವಾಗ ಇದ್ದ ಭಯ ಹೋರಿಯದು. ಅದು ಮುಗಿದಿತ್ತು. ಬರುವಾಗಿನ ಭಯ ಬೇರೆಯದೇ. ಮನೆಯ ಹೊಗೆಗೂಡು ಕಂಡರೂ ಕಾಲು ನಿಧಾನಿಸದೆ ನೇರ ಅಡುಗೆಮನೆಗೆ ಹೋದಳು. ಹಿಟ್ಟು ಬೋಗುಣಿಯಿಂದ ಉಕ್ಕಿ ನೆಲಕ್ಕೆ ಇಳಿದಿತ್ತು. ನಾಥನ್ ತಣ್ಣನೆಯ ಚಹಾ ಮುಂದಿಟ್ಟುಕೊಂಡು ಕುಳಿತಿದ್ದ. ಅವಳ ಕಾಲಿನ ಎರಡು ಬಗೆಯ ಬೂಟು ನೋಡಿದ, ಕಾದ.

ಅವಳು ನಿಂತೇ ಹೇಳಿದಳು. ಕುಳಿತರೆ ಹೇಳಲಾಗುವುದಿಲ್ಲವೆಂದು ಗೊತ್ತಿತ್ತು. ಅವನು ಕಿರುಚಲಿ, ಮೇಜು ಗುದ್ದಲಿ, ಏನಾದರೂ ಮಾಡಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

“ಗೋಡೆಗೆ ಒತ್ತಿದ್ದು ಯಾವ ಕಡೆ?” ಅಂದ ನಾಥನ್.

ಅವಳು ಪಕ್ಕೆ ತೋರಿಸಿದಳು. ಅವನು ಎದ್ದು ಬಂದು ರವಿಕೆಯ ಮೇಲೆಯೇ ಅಂಗೈ ಇಟ್ಟ, ಒತ್ತದೆ, ಬರಿದೇ ಇಟ್ಟ. ಮೂರು ವಾರ, ಅಂದ. ನೀನು ನನ್ನ ಪಕ್ಕದಲ್ಲೇ ಮಲಗಿದ್ದೆ, ಅಂದ. ಅಷ್ಟು ಹೇಳಿ ಕೊಟ್ಟಿಗೆಗೆ ಹಾಲು ಕರೆಯಲು ಹೋದ. ಅವಳು ನೆಲಕ್ಕೆ ಇಳಿದಿದ್ದ ಹಿಟ್ಟನ್ನು ಕೆರೆದು ತೆಗೆದಳು.

ಮುಂದಿನ ಮಂಗಳವಾರ ನಾಥನ್ ಖಾಲಿ ಕಟಕಟೆಯೊಳಗೆ ಹೋಗಿ ನಿಂತ. ಕೈಯಲ್ಲಿ ದನವಿರಲಿಲ್ಲ. ಟೋಪಿ ತೆಗೆದು, ಹೋದ ವಾರ ಆಮಸ್ ಹಾರ್ಕರ್‌ಗೆ ಕೊಟ್ಟ ಹೋರಿಯ ಬಗ್ಗೆ ನಾನು ಹೇಳಿದ ಮಾತು ತಪ್ಪು, ಆ ಹೋರಿ ಸಾಧುವಲ್ಲ ಅಂದ. ಹೆಂಡತಿಯ ಹೆಸರು ತೆಗೆಯಲಿಲ್ಲ. ಅವನು ಹೊರಗೆ ಬರುವಾಗ ಜನ ದಾರಿ ಬಿಟ್ಟರು, ಮಾಮೂಲಿಗಿಂತ ಸ್ವಲ್ಪ ಹೆಚ್ಚೇ ಬಿಟ್ಟರು. ಆಮೇಲಿಂದ ಅವನು ದನ ತಂದಾಗಲೆಲ್ಲ ಕೊಳ್ಳುವವರು ತಾವೇ ಒಳಗಿಳಿದು ಕೆಚ್ಚಲು, ಗೊರಸು, ಕಣ್ಣು ಎಲ್ಲ ಮುಟ್ಟಿ ನೋಡಿ ಕೊಳ್ಳುತ್ತಿದ್ದರು.

ಗುರುವಾರ ಕಸಾಯಿಖಾನೆಯ ಲಾರಿ ಆಮಸ್‌ನ ಗೇಟಿಗೆ ಬಂತು. ನಾಥನ್, ಥರ್ಜಾ ಇಬ್ಬರೂ ಬಂದಿದ್ದರು. ದೊಣ್ಣೆ ಹಿಡಿದ ಮೂವರು ಗಂಡಸರು ಅರ್ಧ ತಾಸು ಹೆಣಗಿದರು. ಒಬ್ಬನ ಮೇಲಂಗಿ ಹರಿಯಿತು. ಬಟನ್ ಹಲಗೆ ಏರಲಿಲ್ಲ. ಕೊನೆಗೆ ಅವರು ದೊಣ್ಣೆ ಕೆಳಗಿಟ್ಟಾಗ ಥರ್ಜಾ ಬಕೆಟ್ಟು ಎತ್ತಿಕೊಂಡು ಮುಂದೆ ಬಂದಳು. ನಾಥನ್ ಬೇಡ ಎಂದು ತಲೆಯಾಡಿಸಿದ. ಅವಳು ಬಕೆಟ್ಟಿನ ಹಾಲಿಗೆ ಬೆರಳು ಅದ್ದಿದಳು.

ಅದು ಅವಳ ಹಿಂದೆಯೇ ಹಲಗೆ ಏರಿತು, ಚೀಪುತ್ತ, ಬಾಲ ಬೀಸುತ್ತ. ನಾಥನ್ ಬಗಲ ಬಾಗಿಲಿನಿಂದ ಅವಳನ್ನು ಹೊರಗೆಳೆದುಕೊಂಡ. ಲಾರಿಯ ಚಾಲಕ ಬೇರೆ ಊರಿನವನು, ಅವನಿಗೆ ಕಥೆ ಗೊತ್ತಿರಲಿಲ್ಲ. ಅಗಳಿ ಹಾಕುತ್ತ, “ಇಷ್ಟು ಸಾಧುವಾಗಿದೆಯಲ್ಲಮ್ಮಾ. ಯಾಕೆ ಕಡಿಯೋಕೆ ಕಳಿಸ್ತೀರ?” ಅಂದ.

“ನಾನೇ ಸಾಕಿದ್ದು,” ಅಂದಳು ಥರ್ಜಾ.

ಅವನಿಗೆ ಅರ್ಥವಾಗಲಿಲ್ಲ. ಲಾರಿ ಹೊರಟಿತು. ಹಲಗೆಗಳ ಸಂದಿನಿಂದ ಒಂದು ಒದ್ದೆ ಮೂಗು ಹೊರಗೆ ಬಂದು, ತಿರುವು ಕಳೆಯುವವರೆಗೂ ಅವಳ ಕೈಯನ್ನು ಹುಡುಕುತ್ತಿತ್ತು.